ಪಾದದ ಉರಿ ನಿಂತ ವರ್ಷ

ಉರಿ ನಿಂತದ್ದು ಯುಗಾದಿಯ ಹೊತ್ತಿಗೆ. ಅಥವಾ ಅದು ಯುಗಾದಿಗೂ ಮೊದಲೇ ನಿಂತಿತ್ತೇನೋ. ಸಂಕ್ರಾಂತಿಯ ಹೊತ್ತಿಗೇ ನಿಂತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ನನಗೆ ನೆನಪಿರುವುದು ಒಂದು ಸಂಜೆ: ಅಣ್ಣ ಬಚ್ಚಲಿನಿಂದ ನೀಲಿ ಬಕೆಟ್ ತರದೆ ಬರಿಗೈಯಲ್ಲಿ ಬಂದು, ಹಜಾರದ ಕುರ್ಚಿಯಲ್ಲಿ ಕೂತು, "ಇವತ್ತು ಬಕೆಟ್ ಬೇಡ ಕಣೇ, ಉರೀನೇ ಇಲ್ಲ" ಎಂದದ್ದು. ಆ ಸಂಜೆಯ ಬಾಗಿಲಲ್ಲಿ ಬಾಡಿದ ಮಾವಿನೆಲೆಯ ತೋರಣ ಕಾಣುತ್ತದೆ. ಹಾಗಾದರೆ ಯುಗಾದಿ ಕಳೆದಿರಬೇಕು. ಆದರೆ ನಮ್ಮ ಮನೆಯಲ್ಲಿ ತೋರಣ ತಾನಾಗಿ ಉದುರುವವರೆಗೂ ಯಾರೂ ತೆಗೆಯುತ್ತಿರಲಿಲ್ಲ. ಅದು ಹಿಂದಿನ ಯಾವ ಹಬ್ಬದ್ದಾದರೂ ಆಗಿರಬಹುದು. ತೋರಣವನ್ನು ಸಾಕ್ಷಿಗೆ ಕರೆಯುವುದು ಬಿಡುತ್ತೇನೆ. ಉರಿ ನಿಂತದ್ದು ನಿಜ. ನಿಂತಾಗ ಮನೆಯಲ್ಲಿದ್ದ ಮೂವರೂ ಸಂತೋಷಪಟ್ಟದ್ದೂ ನಿಜ.

ಅಣ್ಣ ಎಂದರೆ ನನ್ನ ತಂದೆ. ನಮ್ಮಂಥ ಮನೆಗಳಲ್ಲಿ ಅಪ್ಪನನ್ನು ಹಾಗೆಯೇ ಕರೆಯುತ್ತಿದ್ದರು. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ಎನ್.ಆರ್. ಕಾಲೋನಿಯ ನಮ್ಮ ಬಾಡಿಗೆ ಮನೆಯಿಂದ ಸ್ಕೂಲಿಗೆ ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು. ಬಸ್ಸಿನಲ್ಲಿ ಹೋಗುವವರನ್ನು ಕಂಡರೆ ಅವರಿಗೆ ಕನಿಕರ. ರಿಟೈರಾದ ಮೇಲೂ ನಡಿಗೆ ಬಿಡಲಿಲ್ಲ. ಬೆಳಿಗ್ಗೆ ಪಾರ್ಕು, ಆಮೇಲೆ ಗಾಂಧಿ ಬಜಾರಿಗೆ ತರಕಾರಿಗೆ, ಸಂಜೆ ಹನುಮಂತನಗರದ ಗುಡ್ಡದ ದೇವಸ್ಥಾನದ ಮೆಟ್ಟಿಲು. ಒಬ್ಬ ಮನುಷ್ಯ ತನ್ನ ಬಗ್ಗೆ ಏನನ್ನು ನಂಬಿಕೊಂಡು ಬದುಕುತ್ತಾನೋ ಅದು ಅಣ್ಣನಿಗೆ ಅವರ ಕಾಲುಗಳಲ್ಲಿತ್ತು.

ಸಕ್ಕರೆ ಕಾಯಿಲೆ ಅವರಿಗೆ ಕೆಲಸದಲ್ಲಿದ್ದಾಗಲೇ ಬಂದಿತ್ತು. ಬಂದ ದಿನದಿಂದಲೂ ಅದನ್ನು ಅವರು ತಮಗೆ ಚೆನ್ನಾಗಿ ಗೊತ್ತಿದ್ದ ರೀತಿಯಲ್ಲೇ ಎದುರಿಸಿದರು. ಪರೀಕ್ಷೆಗೆ ಓದಿಕೊಂಡರು.

ಎರಡು ಮೂರು ತಿಂಗಳಿಗೊಮ್ಮೆ ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಡುತ್ತಿದ್ದರು. ಯಾವ ದಿನ ಎಂದು ನಿಶ್ಚಯಿಸುವುದು ನಮಗೇ ಬಿಟ್ಟದ್ದು. ದಿನ ನಿಶ್ಚಯವಾದರೆ ಅದಕ್ಕೆ ನಾಲ್ಕೈದು ದಿನ ಮೊದಲು ಅಡಿಗೆಮನೆಯ ಬಣ್ಣವೇ ಬದಲಾಗುತ್ತಿತ್ತು. ಅಮ್ಮ ಅದಕ್ಕೆ ಟೆಸ್ಟ್ ಅಡಿಗೆ ಎಂದು ಹೆಸರಿಟ್ಟಿದ್ದಳು. ಬೆಲ್ಲ ಹಾಕದ ಹಾಗಲಕಾಯಿ ಪಲ್ಯ, ನೆನೆಸಿದ ಮೆಂತ್ಯದ ನೀರು, ರಾಗಿ ಗಂಜಿ, ಸಪ್ಪೆ ಕಾಫಿ. ಅಣ್ಣ ನಡಿಗೆಯನ್ನು ಎರಡರಷ್ಟು ಮಾಡುತ್ತಿದ್ದರು. ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಮೊದಲ ರಕ್ತ. ಆಮೇಲೆ ತಿಂಡಿ ತಿಂದು ಬಂದು ಎರಡನೆಯ ರಕ್ತ. ಆ ತಿಂಡಿಗೆ ಎರಡೇ ಇಡ್ಲಿ, ಚಟ್ನಿಯಿಲ್ಲದೆ. ಎರಡನೆಯ ಸೂಜಿ ತೆಗೆದು ಹತ್ತಿ ಒತ್ತಿದ ಕೂಡಲೇ ಅಣ್ಣ ಎದ್ದು ಶರ್ಟಿನ ತೋಳು ಇಳಿಸಿ, "ನಡೀರಿ" ಎನ್ನುತ್ತಿದ್ದರು. ಲ್ಯಾಬಿನಿಂದ ನೇರ ಹೋಟೆಲ್ಲಿಗೆ. ಕೇಸರಿಭಾತು, ಖಾಲಿ ದೋಸೆ, ಸಕ್ಕರೆ ಹಾಕಿದ ಕಾಫಿ. ಎಷ್ಟೋ ಸಲ ನಾನೂ ಜೊತೆಗಿದ್ದೆ. ಆ ಕೇಸರಿಭಾತಿನ ಮುಂದೆ ಅಣ್ಣನ ಮುಖ ಮಾರ್ಚಿನ ಪರೀಕ್ಷೆ ಮುಗಿಸಿದ ಹುಡುಗನ ಮುಖದಂತೆ ಇರುತ್ತಿತ್ತು.

ಇದು ಮೋಸವಲ್ಲವೇ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಓದಿಕೊಂಡು ಪರೀಕ್ಷೆಗೆ ಕೂರುವುದು ಮೋಸ ಹೇಗಾಗುತ್ತದೆ? ಓದದೆ ಹೋಗುವುದಲ್ಲವೇ ಉಡಾಫೆ?

ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದವರೆಲ್ಲ ಹೀಗೆಯೇ. ಅವರಲ್ಲಿ ಅಂಚೆ ಇಲಾಖೆಯಿಂದ ರಿಟೈರಾದ ಒಬ್ಬರು ಪಕ್ಕದ ರಸ್ತೆಯವರು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಅವರಿಗೂ ಸಕ್ಕರೆ.

"ಫಾಸ್ಟಿಂಗ್ ಎಷ್ಟು ಬಂತು ಮೇಷ್ಟ್ರೇ?"

"ನೂರಾ ಎಂಟು."

"ಅಯ್ಯೋ, ಅಷ್ಟೋತ್ತರ! ಇನ್ನು ಪೂಜೆ ಮಾಡೋದೊಂದೇ ಬಾಕಿ. ನಂದು ನೂರಾ ಅರವತ್ತು. ಮೊಮ್ಮಗನ ನಾಮಕರಣ ಅಡ್ಡ ಬಂತು, ಇಲ್ದಿದ್ರೆ ನಾನೂ ಪಾಸೇ."

"ಮುಂದಿನ ಸಲ ದಿನ ನೋಡ್ಕೊಂಡು ಇಟ್ಕೊಳ್ರಿ. ಹಬ್ಬದ ವಾರ ಯಾರಾದ್ರೂ ಟೆಸ್ಟ್ ಇಟ್ಕೋತಾರೇನ್ರಿ?"

ಇಷ್ಟು ಮಾತು ನಾನು ಕೇಳಿದ್ದೆ. ಅಥವಾ ಇಂಥದ್ದನ್ನು ಹಲವು ಸಲ ಕೇಳಿ ಒಂದಾಗಿ ಹೊಲಿದುಕೊಂಡಿದ್ದೇನೆ. ನೂರಾ ಎಂಟು ಎನ್ನುವುದು ತೀರ ಒಪ್ಪವಾಗಿದೆ, ಅದರ ಮೇಲೆ ನನಗೆ ಅನುಮಾನ. ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದ್ದರ ಬಗ್ಗೆ ಅನುಮಾನವಿಲ್ಲ. ಆ ಅರ್ಧವನ್ನು ಅಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು, ಅಣ್ಣನಿಗೆ ಪ್ರಮೋಷನ್ ಸಿಕ್ಕಿದ ಹಾಗೆ.

ಅಣ್ಣನಿಗೆ ಕಾಯಿಲೆಯ ಬಗ್ಗೆ ಓದಿ ತಿಳಿಯಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಔಷಧಿ ಅಂಗಡಿಯಲ್ಲಿ ಒಮ್ಮೆ ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಇಂಗ್ಲಿಷಿನ ಒಂದು ಕರಪತ್ರ ಕೊಟ್ಟಿದ್ದರು. ನುಣುಪು ಕಾಗದ, ಒಳಗೆ ಹುಲ್ಲಿನ ಮೇಲೆ ನಗುತ್ತಿರುವ ಬಿಳಿಯರ ಮುದುಕ ಮುದುಕಿ. ಅಣ್ಣ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎರಡು ಕಡೆ ಅಚ್ಚಿನ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಿದರು. ಪಾದಗಳನ್ನು ದಿನವೂ ನೋಡಿಕೊಳ್ಳಬೇಕು ಎಂದು ಅದರಲ್ಲಿತ್ತು. ಅಂದಿನಿಂದ ಅಣ್ಣ ದಿನವೂ ನೋಡಿಕೊಂಡರು. ಸ್ನಾನವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು, ಕನ್ನಡಕ ಹಾಕಿಕೊಂಡು, ಬೆರಳುಗಳನ್ನು, ಉಗುರುಗಳನ್ನು, ಪಾದದ ಮೇಲ್ಭಾಗವನ್ನು. ಮಂಡಿ ಮಡಚಿ ಪಾದವನ್ನು ಮೇಲಕ್ಕೆ ತಿರುಗಿಸುವುದು ಅವರ ವಯಸ್ಸಿಗೆ ಆಗುತ್ತಿರಲಿಲ್ಲ. ಅಂಗಾಲನ್ನು ನೋಡಬೇಕೆಂದು ಕರಪತ್ರದಲ್ಲಿ ಬಿಡಿಸಿ ಹೇಳಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಾಗದ ಆಮೇಲೆ ಅಡಿಗೆಮನೆಯ ಎಣ್ಣೆ ಡಬ್ಬದ ಅಡಿಗೆ ಹೋಯಿತು.

ಉರಿ ಶುರುವಾದದ್ದು ರಿಟೈರಾದ ಒಂದೆರಡು ವರ್ಷಕ್ಕೆ. ಅಂಗಾಲಲ್ಲಿ ಮೆಣಸಿನಪುಡಿ ಉಜ್ಜಿದ ಹಾಗೆ ಎನ್ನುತ್ತಿದ್ದರು. ಹರಳೆಣ್ಣೆ ಹಚ್ಚಿದರು, ಮೆಹಂದಿ ಸೊಪ್ಪು ಅರೆದು ಕಟ್ಟಿದರು, ಸಂಜೆಯಾದರೆ ನೀಲಿ ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟು ಕೂತರು. ಡಾಕ್ಟರು ಕೊಟ್ಟ ವಿಟಮಿನ್ ಮಾತ್ರೆಯಿಂದ ಏನೂ ಆಗಲಿಲ್ಲ. ಕೊನೆಗೆ ಅಮ್ಮ ಹರಕೆ ಹೊತ್ತಳು: ಉರಿ ನಿಂತರೆ ರಾಮನವಮಿಯ ಮಧ್ಯಾಹ್ನ ಗುಡ್ಡದ ದೇವಸ್ಥಾನದಲ್ಲಿ ಇವರು ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. ಹರಕೆ ಹೊರುವುದು ಹೆಂಡತಿ, ತೀರಿಸುವುದು ಗಂಡ. ಅಣ್ಣ, "ನನ್ನ ಕೇಳ್ದೇನೇ ನನ್ನ ಕಾಲು ಬರೆದುಕೊಟ್ಯಲ್ಲೇ" ಎಂದು ನಕ್ಕರು.

ಆಮೇಲೆ ಉರಿ ನಿಂತಿತು.

ಡಾಕ್ಟರಿಗೆ ಹೇಳಿದೆವು. ಅಣ್ಣನ ಜೊತೆ ಹೋಗಿದ್ದವಳು ನಾನೇ, ಆದರೂ ನನ್ನ ಬಳಿ ಇದರ ಎರಡು ನೆನಪುಗಳಿವೆ. ಒಂದರಲ್ಲಿ ಅಣ್ಣ, "ಕಾಲುರಿ ಪೂರ್ತಿ ವಾಸಿ ಆಯ್ತು ಡಾಕ್ಟ್ರೇ" ಎನ್ನುತ್ತಾರೆ. ಡಾಕ್ಟರು ಬರೆಯುತ್ತಲೇ, "ಒಳ್ಳೇದಾಯ್ತು ಮೇಷ್ಟ್ರೇ" ಎಂದು ಗಂಟೆ ಒತ್ತಿ ಮುಂದಿನವರನ್ನು ಕರೆಯುತ್ತಾರೆ. ಇನ್ನೊಂದರಲ್ಲಿ ಡಾಕ್ಟರು ಪೆನ್ನು ನಿಲ್ಲಿಸಿ, "ಎಲ್ಲಿ, ಷೂ ಬಿಚ್ಚಿ, ನೋಡೋಣ" ಎನ್ನುತ್ತಾರೆ. ಹೊರಗೆ ಜನ ತುಂಬಿದ್ದಾರೆ. ಅಣ್ಣ ಸಂಕೋಚದಿಂದ, "ಮುಂದಿನ ಸಲ ಚಪ್ಪಲೀಲೇ ಬರ್ತೀನಿ ಬಿಡಿ, ಈಗೇನೂ ತೊಂದ್ರೆ ಇಲ್ವಲ್ಲ" ಎಂದು ಎದ್ದುಬಿಡುತ್ತಾರೆ. ಎರಡರಲ್ಲೂ ಗೋಡೆಯ ಮೇಲೆ ಅದೇ ಔಷಧಿ ಕಂಪನಿಯ ಕ್ಯಾಲೆಂಡರು, ಮೇಜಿನ ಮೇಲೆ ಅದೇ ಪ್ಲಾಸ್ಟಿಕ್ ಹೃದಯ. ಒಂದನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು. ಯಾವುದನ್ನು ಎಂದು ನಿರ್ಧರಿಸಲು ಹಲವು ವರ್ಷ ಪ್ರಯತ್ನಿಸಿ ಬಿಟ್ಟಿದ್ದೇನೆ. ಎರಡರ ಕೊನೆಯೂ ಒಂದೇ: ಅಂಗಾಲನ್ನು ಯಾರೂ ನೋಡಲಿಲ್ಲ.

ನೋವು ಹೋದರೆ ಕಾಯಿಲೆ ಹೋಯಿತು. ಹುಟ್ಟಿದಾಗಿನಿಂದ ನಮ್ಮ ಮೈ ನಮಗೆ ಕಲಿಸಿದ್ದು ಅದೊಂದೇ ಪಾಠ. ಉರಿಯುವುದಕ್ಕೆ ಒಳಗೆ ನರ ಬದುಕಿರಬೇಕು, ನರ ಸತ್ತರೂ ಉರಿ ನಿಲ್ಲುತ್ತದೆ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾಮನವಮಿಯ ಮಧ್ಯಾಹ್ನ. ಗುಡ್ಡದ ಮೇಲೆ ಬಿಸಿಲು. ಪ್ರದಕ್ಷಿಣೆಯ ಹಾದಿಗೆ ಗೋಣಿತಾಟು ಹಾಸಿ ಕೊಡದಿಂದ ನೀರು ಸುರಿದಿದ್ದರು. ಸುರಿದ ನೀರು ಆಗಲೇ ಆರುತ್ತಿತ್ತು. ಜನ ಗೋಣಿಯ ಮೇಲೆ ಓಡುತ್ತಿದ್ದರು. ಗೋಣಿ ತಪ್ಪಿ ಕಲ್ಲಿನ ಮೇಲೆ ಕಾಲಿಟ್ಟವರು "ಹಾ, ಹಾ" ಎಂದು ಕುಣಿಯುತ್ತಿದ್ದರು, ಅವರನ್ನು ನೋಡಿ ಮಿಕ್ಕವರು ನಗುತ್ತಿದ್ದರು. ಅಣ್ಣ ಗೋಣಿಯನ್ನು ಹೆಂಗಸರು ಮಕ್ಕಳಿಗೆ ಬಿಟ್ಟು ಪಕ್ಕದ ಬರಿ ಕಲ್ಲಿನ ಮೇಲೆ ಇಳಿದರು. ಕೈಮುಗಿದುಕೊಂಡು, ಒಂದೊಂದೇ ಹೆಜ್ಜೆ. ಪಾರ್ಕಿನಲ್ಲಿ ನಡೆಯುವುದಕ್ಕಿಂತಲೂ ನಿಧಾನ.

ಮಂಟಪದ ನೆರಳಲ್ಲಿ ನಿಂತಿದ್ದ ಅಂಚೆಯ ಮಾವ ಜೋರಾಗಿ, "ಏನ್ ಮೇಷ್ಟ್ರೇ, ಕೆಂಡದ ಮೇಲೂ ಹೀಗೇ ನಡೀತೀರೋ ಹೇಗೆ?" ಎಂದರು.

"ಭಕ್ತಿ ಇದ್ರೆ ಕಲ್ಲೂ ತಣ್ಣಗಿರುತ್ತೆ ಕಣ್ರೀ," ಎಂದಳು ಅಮ್ಮ. ಅವಳ ಕಣ್ಣಲ್ಲಿ ನೀರಿತ್ತು.

"ನಂಗಂತೂ ಇಲ್ಲಮ್ಮ ಅಷ್ಟು ಭಕ್ತಿ. ನಾನು ಗೋಣಿ ಪಾರ್ಟಿ."

ಸುತ್ತು ಮುಗಿಸಿ ಅಣ್ಣ ನೆರಳಿಗೆ ಬಂದಾಗ ಯಾರೋ ಹೆಂಗಸು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಇದು ನಡೆಯಿತೆಂದು ನನಗೆ ಬಹುಮಟ್ಟಿಗೆ ಖಾತ್ರಿ. ಆಮೇಲೆ ಕೋಸಂಬರಿ, ಪಾನಕ. ಅಣ್ಣ ಪಾನಕವನ್ನು ಎರಡನೇ ಸಲ ಕೇಳಿ ಇಸಕೊಂಡರು.

"ರೀ, ಸಕ್ಕರೆ," ಎಂದಳು ಅಮ್ಮ.

"ಇದು ಬೆಲ್ಲ ಕಣೇ. ಅದೂ ಪ್ರಸಾದ. ಟೆಸ್ಟಿಗೆ ಇನ್ನೂ ಒಂದೂವರೆ ತಿಂಗಳಿದೆ."

ನಾಲ್ಕಾರು ದಿನವಾಗಿರಬೇಕು. ನಮ್ಮ ಮನೆಯದು ಕೆಂಪು ಗಾರೆ ನೆಲ. ಜಗಲಿಯಿಂದ ಹಜಾರದವರೆಗೆ ಒಂದು ಬದಿಯ ಪಾದದ ಗುರುತು ಮಾತ್ರ ಒದ್ದೆಯಾಗಿ ಮೂಡುತ್ತಿತ್ತು. ಅಮ್ಮ ಒರೆಸುತ್ತ, "ಕಾಲು ಒರೆಸ್ಕೊಂಡು ಬನ್ನಿ ಅಂತ ಎಷ್ಟು ಸಲ ಬಡ್ಕೊಳ್ಳಿ? ಜಾರಿ ಬಿದ್ರೆ ಯಾರು ನೋಡೋರು?" ಎಂದು ಗದರಿದಳು. ಅಣ್ಣ, "ಒರೆಸ್ಕೊಂಡೇ ಬಂದೆನಲ್ಲೇ" ಎಂದರು. ಮಾರನೆಯ ದಿನವೂ ಅದೇ ಗುರುತು, ಅದೇ ಗದರಿಕೆ. ಆಮೇಲೆ ವಾಸನೆ ಬಂತು. ಇಲಿ ಸತ್ತಿರಬೇಕೆಂದು ಅಮ್ಮ ಬೀರುವಿನ ಹಿಂದೆ ಹುಡುಕಿದಳು. ಕೊನೆಗೆ ನಾನೋ ಅಮ್ಮನೋ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಬಲಗಾಲನ್ನು ಎತ್ತಿ ನೋಡಿದೆವು. ನಾನು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ನನ್ನ ಕಣ್ಣಿನಲ್ಲಿ ಉಳಿದಿರುವುದು ಅಂಗಾಲಲ್ಲ, ಅದನ್ನು ನೋಡುತ್ತಿರುವ ಅಮ್ಮನ ಮುಖ. ಹಾಗಾದರೆ ಎತ್ತಿದವಳು ಅವಳೇ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಒಡೆದು, ಚರ್ಮ ಬಿಳಿಚಿ, ನಡುವೆ ಕಪ್ಪಗೆ ಒಂದು ಕುಳಿ.

"ನೋಯ್ತಿಲ್ವೇನ್ರೀ?"

"ಇಲ್ವೇ ಇಲ್ಲ. ನೋವಿಲ್ಲದ ಮೇಲೆ ಏನು ಮಹಾ ಗಾಯ? ಅರಿಶಿನ ಹಾಕು."

ಆಗ ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋಗುವ ಮಾತೂ ಬಂತು. ಅದನ್ನು ತಡೆದದ್ದು ಭಯವಲ್ಲ, ಜಿಪುಣತನವಲ್ಲ. ಅಣ್ಣ ಹೇಳಿದ್ದು ಹೀಗೆ: "ಈಗ ಹೋದ್ರೆ ಮೊದಲು ರಕ್ತಕ್ಕೆ ಬರೆದುಕೊಡ್ತಾರೆ. ಯುಗಾದಿ ಒಬ್ಬಟ್ಟು ತಿಂದಾಯ್ತು, ಪಾನಕ ಕುಡಿದಾಯ್ತು. ಈ ಸ್ಥಿತೀಲಿ ಯಾರಾದ್ರೂ ಪರೀಕ್ಷೆಗೆ ಕೂರ್ತಾರಾ? ಒಂದು ವಾರ ಸರಿಯಾಗಿ ಪಥ್ಯ ಮಾಡಿ ಹೋಗೋಣ. ಇಲ್ದಿದ್ರೆ ಮತ್ತೆ ಪೂರ್ತಿ ಮಾತ್ರೆ ಹಾಕ್ತಾರೆ."

ಮನೆಯಲ್ಲಿ ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಅಮ್ಮ ಅಂದೇ ಹಾಗಲಕಾಯಿ ತಂದಳು. ಗಾಯಕ್ಕೆ ಅರಿಶಿನ, ಅದರ ಮೇಲೆ ಮುಲಾಮು, ಅದರ ಮೇಲೆ ಹಳೆಯ ಪಂಚೆಯ ಪಟ್ಟಿ. ಪಥ್ಯಕ್ಕೆ ಸಹಾಯವಾಗಲೆಂದು ಅಣ್ಣ ಆ ಕಾಲಿನಲ್ಲೇ ನಡಿಗೆಯನ್ನು ಎರಡರಷ್ಟು ಮಾಡಿದರು.

ವಾರ ತುಂಬುವ ಮೊದಲೇ ಚಳಿಜ್ವರ ಬಂತು. ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಂದು ಬೆಳಗಿನ ಸಕ್ಕರೆಯನ್ನಷ್ಟೇ ನೋಡಲಿಲ್ಲ. ಮೂರು ತಿಂಗಳಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತೆಂದು ಹೇಳುವ ಒಂದು ರಕ್ತಪರೀಕ್ಷೆ ಮಾಡಿಸಿದರು. ನಾವು ಅದರ ಹೆಸರನ್ನೇ ಕೇಳಿರಲಿಲ್ಲ. ರಿಪೋರ್ಟು ನೋಡಿ ಅವರು, "ಎಷ್ಟು ತಿಂಗಳಿಂದ ಮಾತ್ರೆ ಬಿಟ್ಟಿದ್ದೀರಿ?" ಎಂದರು.

"ಬಿಟ್ಟಿಲ್ಲಮ್ಮ. ಪ್ರತಿ ಸಲ ನಾರ್ಮಲ್ ಬಂದಿದೆ. ಎಲ್ಲಾ ರಿಪೋರ್ಟೂ ತಂದಿದ್ದೀನಿ," ಎಂದು ಅಣ್ಣ ಫೈಲು ಚಾಚಿದರು. ಡಾಕ್ಟರಮ್ಮ ಫೈಲು ತೆಗೆದುಕೊಳ್ಳಲಿಲ್ಲ. ಮೂರು ತಿಂಗಳ ಲೆಕ್ಕ ಹೇಗೆಂದು ವಿವರಿಸಿದರು. ಅಣ್ಣ ಗಮನವಿಟ್ಟು ಕೇಳಿದರು. ಕೇಳಿ, ನನ್ನ ಕಡೆ ತಿರುಗಿ, "ಇದು ಸಿಲಬಸ್‌ನಲ್ಲಿ ಇರ್ಲಿಲ್ಲ" ಎಂದರು. ತಮಾಷೆಗೆಂದೇ ಹೇಳಿದರು.

ಆಮೇಲೆ ಡಾಕ್ಟರಮ್ಮ ಗಾಯವಿಲ್ಲದ ಎಡಗಾಲನ್ನು ತಮ್ಮ ಮಂಡಿಯ ಹತ್ತಿರ ಎಳೆದುಕೊಂಡರು. ಅವರ ಕೈಯಲ್ಲಿ ಗಾಳದ ದಾರದಂಥ ಸಣ್ಣ ಪ್ಲಾಸ್ಟಿಕ್ ಎಳೆ ಇತ್ತು. "ಕಣ್ಣು ಮುಚ್ಕೊಳ್ಳಿ ತಾತ. ನಾನು ಇದರಿಂದ ಅಂಗಾಲು ಮುಟ್ತೀನಿ. ಮುಟ್ಟಿದ್ದು ಗೊತ್ತಾದಾಗೆಲ್ಲ 'ಈಗ' ಅನ್ನಿ."

ಅಣ್ಣ ಕಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡಿ ಕೂತರು. ಎಳೆ ಹೆಬ್ಬೆರಳಿನ ಕೆಳಗೆ ತಾಗಿ ಬಾಗಿತು. ಅಣ್ಣ ಸುಮ್ಮನಿದ್ದರು. ಹಿಮ್ಮಡಿಯ ಹತ್ತಿರ ತಾಗಿ ಬಾಗಿತು. ಸುಮ್ಮನಿದ್ದರು. ಡಾಕ್ಟರಮ್ಮ ಕೈಯನ್ನು ಹಿಂದಕ್ಕೆ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಕಡೆ ನೋಡಿದರು. ಆಗ ಅಣ್ಣ, "ಈಗ" ಎಂದರು.

ಸ್ವಲ್ಪ ಹೊತ್ತು ಬಿಟ್ಟು, "ಈಗ." ಮತ್ತೆ ಅಷ್ಟೇ ಹೊತ್ತು ಬಿಟ್ಟು, "ಈಗ." ಸರಿಯಾದ ಅಂತರದಲ್ಲಿ, ಆತ್ಮವಿಶ್ವಾಸದ ದನಿಯಲ್ಲಿ. ಎಳೆ ಡಾಕ್ಟರಮ್ಮನ ತೊಡೆಯ ಮೇಲೆಯೇ ಇತ್ತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಾಕು ತಾತ, ಕಣ್ಣು ತೆಗೀರಿ" ಎಂದಾಗ ಅಣ್ಣ ಕಣ್ಣು ತೆರೆದು ಎಲ್ಲರ ಮುಖ ನೋಡಿ, "ಎಷ್ಟು ಸರಿ ಬಂತು?" ಎಂದು ಕೇಳಿದರು.

ಮೊದಲು ಹೆಬ್ಬೆರಳು ತೆಗೆದರು. ಅದು ಸಾಲದೆ ಅರ್ಧ ಪಾದ. ಆಷಾಢದಲ್ಲಿ ಮಂಡಿಯ ಕೆಳಗೆ. ಅಂಚೆಯ ಮಾವ ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತರು. ಹೊದಿಕೆ ಚಪ್ಪಟೆಯಾಗಿದ್ದ ಕಡೆಗೆ ನೋಡದಂತೆ ಕೂತರು. ಹೊರಡುವಾಗ ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಲು ಹೋದಳು. ಅವರು ಕೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ, "ಬೇಡಮ್ಮ. ನಾಡಿದ್ದು ನಂದು ಟೆಸ್ಟು" ಎಂದರು. ಅಮ್ಮ ತಲೆಯಾಡಿಸಿ ಮುಚ್ಚಳ ತಿರುಗಿಸಿದಳು. ಅವಳಿಗೆ ಅದು ಅರ್ಥವಾಯಿತು. ಭಯವಾದದ್ದು ನನಗೆ ಅಲ್ಲಿ.

ಮನೆಗೆ ಬಂದ ಮೇಲೆ ಅಣ್ಣ ಜಗಲಿಯಲ್ಲಿ ಕೂರುತ್ತಿದ್ದರು. ಕೃತಕ ಕಾಲು ಒಗ್ಗಲಿಲ್ಲ. ಬೀದಿಯಲ್ಲಿ ನಡೆದು ಹೋಗುವವರನ್ನು ನೋಡುತ್ತಿದ್ದರು, ಮೊದಲಿನಂತೆ ಮಾತಾಡಿಸುತ್ತಿರಲಿಲ್ಲ. ಹೋಗಿಬಿಟ್ಟಿದ್ದ ಪಾದದಲ್ಲಿ ಆಗಾಗ ಉರಿ ಎನ್ನುತ್ತಿದ್ದರು. ಇಲ್ಲದ ಕಾಲಿಗೆ ನೀಲಿ ಬಕೆಟ್ ತರುವುದು ಹೇಗೆಂದು ತಿಳಿಯದೆ ಅಮ್ಮ ಒದ್ದೆ ಬಟ್ಟೆಯನ್ನು ಮಂಡಿಗೆ ಸುತ್ತುತ್ತಿದ್ದಳು. ಡಾಕ್ಟರು ಮತ್ತೆ ರಕ್ತಕ್ಕೆ ಬರೆದುಕೊಟ್ಟರೆ ಅಣ್ಣ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅಮ್ಮ ಮಾತ್ರ ನಾಲ್ಕು ದಿನ ಮೊದಲೇ ಹಾಗಲಕಾಯಿ ತಂದಳು. ಬೇಡಮ್ಮ, ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಗೊತ್ತಾಗಬೇಕು ಎಂದು ನಾನು ಹೇಳಿದೆ. ಅವಳು ಹೆಚ್ಚುತ್ತ, "ಪಾಪ, ಇನ್ನಷ್ಟು ಫೇಲ್ ಆಗೋದ್ ಬೇಡ ಕಣೇ" ಎಂದಳು. ಎಡಗಾಲಿನಲ್ಲಿ ಗಾಯವಾಗುವ ಹೊತ್ತಿಗೆ ಕಿಡ್ನಿಯೂ ಕೈಬಿಟ್ಟಿತ್ತು. ಆ ಕಾಲನ್ನು ತೆಗೆಯುವ ಮೊದಲೇ ಅಣ್ಣ ಹೋದರು.

ಆ "ಈಗ"ಗಳ ಬಗ್ಗೆ ಅಮ್ಮನನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಅವರಿಗೆ ನಿಜವಾಗಿಯೂ ಮುಟ್ಟಿದ ಹಾಗಾಗಿತ್ತು ಎಂದಳು. ಅಮ್ಮನಿಗೂ ಗೊತ್ತಿರಲು ಸಾಧ್ಯವಿಲ್ಲ. ಕಾಲು ತಮಗೆ ಏನೂ ಹೇಳುತ್ತಿಲ್ಲ ಎಂದು ಅಣ್ಣನಿಗೆ ಆ ಹೊತ್ತಿಗೆ ತಿಳಿದಿತ್ತೇ, ಗುಡ್ಡದ ಕಲ್ಲಿನ ಮೇಲೆ ನಡೆಯುವಾಗಲೇ ತಿಳಿದಿತ್ತೇ, ಅಥವಾ ಕೊನೆಯವರೆಗೂ ತಿಳಿಯಲೇ ಇಲ್ಲವೇ? ಅವರು ಇದ್ದಾಗ ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.